ಒಂದು ‘ಟಕ್’ ಸದ್ದಿಗೆ ಇಂಜಿನ್ನನ್ನು ಗುಜರಿಗೆ ಹಾಕಬೇಡಿ

ಪ್ರಶ್ನೆ: ನಮ್ಮ ಮನೆ ಅಂಕೋಲಾ ಹತ್ತಿರ, ಗಂಗಾವಳಿ ಹೊಳೆಯಿಂದ ಸ್ವಲ್ಪ ಈಚೆ. ಅಪ್ಪನ 1998ರ ಮಾರುತಿ 800, ಕಾರ್ಬೊರೇಟರ್ ಇರುವ ಮಾಡೆಲ್, 2019ರ ಬೇಸಿಗೆಯಿಂದ ಮನೆ ಪಕ್ಕದ ಶೀಟಿನ ಮಾಡಿನ ಕೆಳಗೆ ನಿಂತೇ ಇದೆ. ಅಪ್ಪ ಈಗಿಲ್ಲ. ಮೊನ್ನೆ ಹೊಸ ಬ್ಯಾಟರಿ ತಂದು ಹಾಕಿ ಕೀ ತಿರುಗಿಸಿದೆ. ‘ಟಕ್’ ಅಂತ ಒಂದೇ ಸದ್ದು, ಮತ್ತೇನೂ ಇಲ್ಲ. ಬಂದು ನೋಡಿದ ಮೆಕ್ಯಾನಿಕ್ ‘ಇಂಜಿನ್ ಜಾಮ್ ಆಗಿದೆ, ಗುಜರಿಗೆ ಕೊಟ್ಟುಬಿಡಿ’ ಅಂದರು. ಆಯಿಗೆ ಮನಸ್ಸಿಲ್ಲ. ಜಾಮ್ ಆಗಿದೆಯೋ ಇಲ್ಲವೋ ನಾನೇ ನೋಡುವುದು ಹೇಗೆ?

ಉತ್ತರ: ಮೊದಲು ಆ ಕೀ ತೆಗೆದು ಆಯಿಯ ಕೈಗೆ ಕೊಡಿ. ನಾನು ಹೇಳುವವರೆಗೆ ಮತ್ತೆ ತಿರುಗಿಸಬೇಡಿ.

ಒಂದು ‘ಟಕ್’ ಕೇಳಿ ಇಂಜಿನ್ ಜಾಮ್ ಅಂತ ಹೇಳಲು ಯಾರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಆ ಸದ್ದು ಇಂಜಿನ್ನಿನದ್ದೇ ಅಲ್ಲ, ಸೆಲ್ಫ್ ಮೋಟಾರಿನ ಬೆನ್ನ ಮೇಲೆ ಕೂತಿರುವ ಸೊಲೆನಾಯ್ಡಿನದ್ದು, ಅಂದರೆ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಿನದ್ದು. ಅದು ಎಳೆದುಕೊಂಡಿತು, ಆಮೇಲೆ ಮೋಟಾರ್ ತಿರುಗಲಿಲ್ಲ, ಅಷ್ಟೇ ಗೊತ್ತಾಗಿದ್ದು. ಯಾಕೆ ತಿರುಗಲಿಲ್ಲ ಅನ್ನುವುದಕ್ಕೆ ಐದಾರು ಕಾರಣ ಇರಬಹುದು, ಅದರಲ್ಲಿ ಇಂಜಿನ್ ಹಿಡಿದುಕೊಂಡಿರುವುದು ಒಂದು. ನಮ್ಮ ಕರಾವಳಿಯಲ್ಲಿ ನಿಂತ ಗಾಡಿಗಳನ್ನು ನೋಡಿ ನೋಡಿ ನನಗೆ ಅನಿಸಿದ್ದು, ‘ಜಾಮ್’ ಅಂತ ಹೆಸರು ಪಡೆದ ಇಂಜಿನ್ನುಗಳಲ್ಲಿ ಬಹಳಷ್ಟು ಜಾಮ್ ಆಗಿರುವುದೇ ಇಲ್ಲ. ಅದಕ್ಕೆ ಜೋಡಿಸಿದ ಯಾವುದೋ ಒಂದು ಸಾಮಾನು ಹಿಡಿದುಕೊಂಡಿರುತ್ತದೆ, ಹೆಸರು ಕೆಡುವುದು ಮಾತ್ರ ಇಂಜಿನ್ನಿಂದು.

ಈಗ ನನಗೆ ನಿಮ್ಮಿಂದ ಎರಡು ವಿಷಯ ಗೊತ್ತಾಗಬೇಕು. ಒಂದು, 2019ರಲ್ಲಿ ಅಪ್ಪ ಗಾಡಿಯನ್ನು ತಾವೇ ಓಡಿಸಿಕೊಂಡು ಬಂದು ನಿಲ್ಲಿಸಿದರೋ, ಅಥವಾ ದಾರಿಯಲ್ಲಿ ಕೆಟ್ಟು ಎಳೆದು ತಂದಿದ್ದೋ? ಆಯಿಗೆ ಇದು ನೆನಪಿರುತ್ತದೆ, ಕೇಳಿ. ಓಡುವಾಗ ಹಿಡಿದ ಇಂಜಿನ್ ಬೇರೆ, ನಿಂತು ಹಿಡಿದ ಇಂಜಿನ್ ಬೇರೆ. ಆಯಿಲ್ ಖಾಲಿಯಾಗಿಯೋ ನೀರು ಬತ್ತಿ ಕಾದೋ ಹಿಡಿದದ್ದಾದರೆ ಒಳಗೆ ಲೋಹಕ್ಕೆ ಲೋಹ ಉಜ್ಜಿ ಅಂಟಿರುತ್ತದೆ, ಬೇರಿಂಗ್ ಸುಟ್ಟಿರುತ್ತದೆ, ಅದಕ್ಕೆ ಯಾವ ಎಣ್ಣೆ ಹೊಯ್ದರೂ ಉಪಯೋಗವಿಲ್ಲ, ಇಂಜಿನ್ ಇಳಿಸಲೇಬೇಕು. ಚೆನ್ನಾಗಿ ಓಡಿಕೊಂಡು ಬಂದು ನಿಂತದ್ದಾದರೆ ಆಗಿರುವುದು ತುಕ್ಕು ಮಾತ್ರ, ಅದೂ ಸಾಮಾನ್ಯವಾಗಿ ಸಿಲಿಂಡರಿನ ಗೋಡೆಗೂ ಪಿಸ್ಟನ್ ರಿಂಗಿಗೂ (ಪಿಸ್ಟನ್ನಿನ ಸುತ್ತಲಿನ ಬಳೆ) ನಡುವೆ ಕೂದಲೆಳೆಯಷ್ಟು ದಪ್ಪದ್ದು. ಅದು ತಾಳ್ಮೆಗೆ ಬಗ್ಗುತ್ತದೆ.

ಎರಡನೆಯದು ಇನ್ನೂ ಮುಖ್ಯ. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿತ್ತು, 2021ರ ಜುಲೈನಲ್ಲಿ ಮತ್ತೆ ಬಂತು. ಆಗ ನಿಮ್ಮ ಆ ಮಾಡಿನೊಳಗೆ ನೀರು ಬಂದಿತ್ತಾ? ಬಂದಿದ್ದರೆ ಎಲ್ಲಿಯವರೆಗೆ? ಬಾಗಿಲಿನ ಒಳಬದಿಯಲ್ಲಿ, ಸೀಟಿನ ಕೆಳಗೆ ಕೆಸರಿನ ಗೆರೆ ಇದೆಯಾ ನೋಡಿ. ಹೊಳೆ ನೀರು ಇಂಜಿನ್ನಿನವರೆಗೆ ಏರಿದ್ದರೆ ಕೆಳಗೆ ಬರೆದದ್ದರಲ್ಲಿ ಸೆಲ್ಫ್ ಹೊಡೆಯುವ ಭಾಗವನ್ನೆಲ್ಲ ಬಿಟ್ಟುಬಿಡಿ, ಕೈಯಲ್ಲಿ ಮಾಡುವುದನ್ನು ಮಾತ್ರ ಮಾಡಿ. ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲು ಆಗುವುದಿಲ್ಲ. ಸೆಲ್ಫ್ ಜೋರು ಮಾಡಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಆಮೇಲೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಪಾನಾ ಹಿಡಿಯುವ ಮೊದಲು ಬಾನೆಟ್ ಎತ್ತಿ ಸುಮ್ನೆ ಹತ್ತು ನಿಮಿಷ ನೋಡಿ. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ತಮಾಷೆ ಅಲ್ಲ. ಇಷ್ಟು ವರ್ಷ ನಿಂತ ಗಾಡಿಯಲ್ಲಿ ಇಲಿ ಇರುತ್ತದೆ, ಇಲಿ ಇದ್ದಲ್ಲಿಗೆ ಕೇರೆ ಹಾವೂ ಬರುತ್ತದೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿ. ಶಿರಸಿ ಕಡೆಯ ಒಂದು ಜೀಪಿನ ಫಿಲ್ಟರ್ ಡಬ್ಬಿಯಲ್ಲಿ ನನಗೆ ಅರ್ಧ ಕೊಟ್ಟೆ ಅಡಿಕೆ ಸಿಕ್ಕಿತ್ತು, ಇಲಿ ಕೂಡಿಟ್ಟದ್ದು. ಸೈಲೆನ್ಸರ್ ಕೊಳವೆಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ಅದನ್ನೂ ಕೆರೆದು ತೆಗೆಯಿರಿ.

ಆಮೇಲೆ ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ. ಕಪ್ಪಾಗಿ, ಗೆರೆಯ ಒಳಗೆ ಇದ್ದರೆ ಸರಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಗೆರೆಗಿಂತ ಮೇಲೆ ಇದ್ದರೆ ನೀರೋ ಪೆಟ್ರೋಲೋ ಇಳಿದಿದೆ, ಮೂಸಿ ನೋಡಿದರೆ ಗೊತ್ತಾಗುತ್ತದೆ. ಆದರೆ ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ನೀರು ಆಯಿಲಿನ ಜತೆ ಬೆರೆತಿರುವುದಿಲ್ಲ, ತಳಕ್ಕೆ ಇಳಿದು ಕೂತಿರುತ್ತದೆ, ಡಿಪ್‌ಸ್ಟಿಕ್ಕಿಗೆ ಕಾಣುವುದಿಲ್ಲ. ಅದಕ್ಕೆ ಕೆಳಗಿನ ಡ್ರೈನ್ ಬೋಲ್ಟನ್ನು ಪೂರ್ತಿ ಬಿಚ್ಚದೆ ಸ್ವಲ್ಪ ಸಡಿಲಿಸಿ, ಮೊದಲು ಬೀಳುವ ಹನಿಗಳನ್ನು ಬಿಳಿ ಬಟ್ಟಲಿನಲ್ಲಿ ಹಿಡಿಯಿರಿ. ನೀರು ಇದ್ದರೆ ಮೊದಲು ಅದೇ ಬರುತ್ತದೆ.

ಈಗ ಆಯಿಯಿಂದ ಕೀ ವಾಪಸ್ ಇಸ್ಕೊಳ್ಳಿ, ಒಂದೇ ಒಂದು ಸಲಕ್ಕೆ. (ಹೊಳೆ ನೀರು ಹೊಕ್ಕಿಲ್ಲ ಅಂತ ಖಾತ್ರಿ ಇದ್ದರೆ ಮಾತ್ರ.) ಹೆಡ್‌ಲೈಟ್ ಹಾಕಿ, ಎದುರಿಗೆ ಒಬ್ಬರನ್ನು ನಿಲ್ಲಿಸಿ, ಒಂದು ಸೆಕೆಂಡ್ ಮಾತ್ರ ಕೀ ತಿರುಗಿಸಿ ಬಿಡಿ. ‘ಟಕ್’ ಅಂದಾಗ ಲೈಟ್ ಏನಾಯಿತು ಅನ್ನುವುದರಲ್ಲಿ ಅರ್ಧ ಉತ್ತರ ಇದೆ. ಲೈಟ್ ಹಾಗೇ ಉರಿಯುತ್ತಿದ್ದರೆ ಸೆಲ್ಫ್ ಮೋಟಾರಿಗೆ ಕರೆಂಟ್ ಹೋಗುತ್ತಲೇ ಇಲ್ಲ. ಸೊಲೆನಾಯ್ಡಿನ ಒಳಗಿನ ಕಾಂಟಾಕ್ಟ್ ಕಪ್ಪಾಗಿದೆ, ಇಲ್ಲವೇ ಕಾರ್ಬನ್ ಬ್ರಷ್ ತುಕ್ಕಿಗೆ ಸಿಕ್ಕಿಕೊಂಡಿದೆ. ಇಂಜಿನ್ನಿನ ಮೇಲೆ ಇನ್ನೂ ಯಾವ ಆರೋಪವೂ ಇಲ್ಲ. ‘ಟಕ್’ ಅಂದ ಕೂಡಲೇ ಲೈಟ್ ಪೂರ್ತಿ ಮಂಕಾದರೆ ಎರಡು ಸಾಧ್ಯತೆ. ಒಂದೋ ಮೋಟಾರ್ ಕರೆಂಟ್ ಎಳೆಯುತ್ತಿದೆ, ತಿರುಗಲು ಆಗುತ್ತಿಲ್ಲ. ಇಲ್ಲವೇ ಬ್ಯಾಟರಿಯಿಂದ ಬರುವ ದಾರಿಯೇ ಕೆಟ್ಟಿದೆ. ಹೊಸ ಬ್ಯಾಟರಿ ಅಂದಿದ್ದೀರಿ, ಆದರೂ ಮೀಟರ್ ಹಿಡಿದು ನೋಡಿ, 12.6 ವೋಲ್ಟ್ ಆಸುಪಾಸು ಇರಬೇಕು. ಟರ್ಮಿನಲ್ಲಿನ ಹಸಿರು ಪುಡಿ ಉಜ್ಜಿ. ಬಾಡಿಗೂ ಇಂಜಿನ್ನಿಗೂ ಹೋಗುವ ಅರ್ತಿಂಗ್ ಪಟ್ಟಿಯನ್ನು ಬಿಚ್ಚಿ ಎರಡೂ ತುದಿಯನ್ನು ಹೊಳೆಯುವ ಹಾಗೆ ಉಜ್ಜಿ. ಸಮುದ್ರದ ಗಾಳಿಗೆ ಮೊದಲು ಸಾಯುವುದು ಇದೇ. ಇನ್ನು ‘ಟಕ್’ ಅಲ್ಲ, ‘ಟಕಟಕಟಕ’ ಅಂತ ಮಷಿನ್ ಗನ್ ಹಾಗೆ ಬಂದರೆ ಬ್ಯಾಟರಿ ಅಥವಾ ಅದರ ಜೋಡಣೆ ಸೋತಿದೆ ಅಂತಲೇ ಅರ್ಥ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಇದನ್ನು ಕೈಯಲ್ಲೇ ಮಾಡಬೇಕು, ಯಾಕೆಂದರೆ ಸೆಲ್ಫ್ ಮೋಟಾರಿಗೆ ‘ಸ್ವಲ್ಪ ಬಿಗಿ’ ಮತ್ತು ‘ಪೂರ್ತಿ ಬಿಗಿ’ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ನಿಮ್ಮ ಕೈಗೆ ಗೊತ್ತಾಗುತ್ತದೆ. ಬ್ಯಾಟರಿ ವೈರ್ ಕಳಚಿ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ. ನಮ್ಮ ಕಡೆ ಎಲ್ಲರೂ ಮಾಡುವುದು ಜಾಕ್ ಹಾಕಿ ಪಕ್ಕಕ್ಕೆ ಎರಡು ಚಿರೆಕಲ್ಲು ಇಡುವುದು. ದಯವಿಟ್ಟು ಬೇಡ, ಒಂದೇ ಕಡೆ ಭಾರ ಬಿದ್ದರೆ ಚಿರೆಕಲ್ಲು ಹೇಳದೆ ಕೇಳದೆ ಒಡೆಯುತ್ತದೆ. ದಪ್ಪ ಮರದ ತುಂಡಾದರೂ ಇಡಿ. ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ ಅಂತ ಲಿವರ್ ನೋಡಿ ನಂಬಬೇಡಿ, ಹಳೆಯ ಮಾರುತಿಯಲ್ಲಿ ಲಿವರಿನ ಬುಷ್ ಸವೆದು ಅದು ಎಲ್ಲೆಲ್ಲೋ ಅಲ್ಲಾಡುತ್ತದೆ. ಒಂದು ಮುಂದಿನ ಚಕ್ರವನ್ನು ಒಬ್ಬರು ಅಲ್ಲಾಡದ ಹಾಗೆ ಹಿಡಿದಿರುವಾಗ ಇನ್ನೊಂದು ಕೈಯಲ್ಲಿ ಹಗುರವಾಗಿ ತಿರುಗಿದರೆ ನ್ಯೂಟ್ರಲ್. ಎಷ್ಟೋ ಸಲ ಗಾಡಿ ಗೇರಿನಲ್ಲೇ ನಿಂತಿರುತ್ತದೆ, ಬ್ರೇಕ್ ಪ್ಯಾಡ್ ಡಿಸ್ಕಿಗೆ ಅಂಟಿರುತ್ತದೆ, ಮಳೆಗಾಲದ ತೇವಕ್ಕೆ ಕ್ಲಚ್ ಪ್ಲೇಟೂ ಅಂಟಿ ಕೂತಿರುತ್ತದೆ. ಕ್ಲಚ್ ಒತ್ತಿದರೂ ಬಿಡುವುದಿಲ್ಲ. ಆಗ ಇಂಜಿನ್ ತಿರುಗಿಸಲು ಹೋದರೆ ಇಡೀ ಕಾರನ್ನೇ ಎಳೆದ ಹಾಗೆ. ಜಾಮ್ ಅಂತ ಅನಿಸದೆ ಇನ್ನೇನು?

ಮುಂದೆ ಸ್ಪಾರ್ಕ್ ಪ್ಲಗ್. ಬಿಚ್ಚುವ ಮೊದಲು ಸುತ್ತಲಿನ ಕಸವನ್ನು ಸೈಕಲ್ ಪಂಪಿನಿಂದ ಊದಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ. ಮೂರೂ ವೈರಿಗೆ 1, 2, 3 ಅಂತ ಚೀಟಿ ಅಂಟಿಸಿ. ಪ್ಲಗ್ ಬಿಗಿಯಾಗಿದ್ದರೆ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ. ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಅಲ್ಯುಮಿನಿಯಂನದ್ದು, ಹಟ ಮಾಡಿದರೆ ಪ್ಲಗ್ ಜತೆ ಥ್ರೆಡ್ಡೂ ಬರುತ್ತದೆ. ಬಿಚ್ಚಿದ ಪ್ಲಗ್‌ಗಳನ್ನು ಅದೇ ಸಾಲಿನಲ್ಲಿ ಇಟ್ಟು ನೋಡಿ. ಮೂರು ಸಿಲಿಂಡರಿನ ಈ ನಾಲ್ಕು ಸ್ಟ್ರೋಕಿನ ಇಂಜಿನ್ ಎಲ್ಲಿ ನಿಂತರೂ ಯಾವುದಾದರೂ ಒಂದು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಆ ಬಾಗಿಲಿನಿಂದಲೇ ಇಷ್ಟು ಮಳೆಗಾಲಗಳ ಉಪ್ಪು ಗಾಳಿ ಒಳಗೆ ಹೋಗಿರುವುದು. ಹಾಗಾಗಿ ತುಕ್ಕು ಮೂರರಲ್ಲೂ ಒಂದೇ ಸಮ ಇರುವುದಿಲ್ಲ. ಒಂದು ಪ್ಲಗ್ ಮಾತ್ರ ಕೆಂಪಾಗಿದ್ದರೆ ಕಳ್ಳ ಆ ಮನೆಯಲ್ಲೇ ಇದ್ದಾನೆ. ಮೊಬೈಲಿಗೆ ಸಿಕ್ಕಿಸುವ ತೆಳ್ಳಗಿನ ಕ್ಯಾಮೆರಾ ವೈರ್ ಈಗ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದನ್ನು ಪ್ಲಗ್ ತೂತಿನಿಂದ ಇಳಿಸಿದರೆ ಗೋಡೆ ಹೇಗಿದೆ ಅಂತ ಕಣ್ಣಾರೆ ನೋಡಬಹುದು. ಮೊದಲು ನಮಗೆ ಈ ಭಾಗ್ಯ ಇರಲಿಲ್ಲ.

ಪ್ಲಗ್ ಬಿಚ್ಚುವುದು ನೋಡುವುದಕ್ಕೆ ಮಾತ್ರ ಅಲ್ಲ. ಅಡಿಕೆ ತೋಟದ ಹಳೆಯ ಡೀಸೆಲ್ ಪಂಪ್‌ಸೆಟ್ ಹ್ಯಾಂಡಲ್ ಹಾಕಿ ತಿರುಗಿಸಿದ್ದೀರಾ? ಮೇಲಿನ ಲಿವರ್ ಎತ್ತಿ ಹಿಡಿದರೆ ಹಗುರ, ಬಿಟ್ಟರೆ ಕೈ ಹಿಡಿದು ನಿಲ್ಲಿಸುತ್ತದೆ. ಪ್ಲಗ್ ಬಿಚ್ಚಿದರೆ ಅದೇ ಲಿವರ್ ಎತ್ತಿದ ಹಾಗೆ, ಒಳಗಿನ ಗಾಳಿ ಒತ್ತುವುದಿಲ್ಲ, ಉಳಿದ ಬಿಗಿ ಎಷ್ಟಿದೆಯೋ ಅದೇ ನಿಜವಾದ ಬಿಗಿ.

ಪಾನಾ ಹಾಕುವ ಮೊದಲೇ ಒಂದೊಂದು ಸಿಲಿಂಡರಿಗೆ 30ರಿಂದ 50 ಮಿಲಿ ಎಣ್ಣೆ ಬಿಡಿ. ತುಕ್ಕು ಇರಲಿ, ಇಲ್ಲದಿರಲಿ, ಇಷ್ಟು ವರ್ಷ ಒಣಗಿದ ರಿಂಗನ್ನು ಒಣಗಿದ್ದ ಹಾಗೇ ಎಳೆಯಬಾರದು. ಗ್ಯಾರೇಜಿನಲ್ಲಿ ನಾನು ಬಳಸುವುದು ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಆಯಿಲ್ ಅರ್ಧ, ಅಸಿಟೋನ್ ಅರ್ಧ. ಅಸಿಟೋನ್ ಪೆಟ್ರೋಲಿನಷ್ಟೇ ಬೇಗ ಹತ್ತಿಕೊಳ್ಳುತ್ತದೆ, ಮನೆಯಲ್ಲಿ ಬೇಡ, ನೀವು ಅದರ ಬದಲು ಡೀಸೆಲ್ ಹಾಕಿ. ತೆಂಗಿನೆಣ್ಣೆ ಮಾತ್ರ ಹಾಕಬೇಡಿ. ನಗಬೇಡಿ, ಹಾಕಿದವರಿದ್ದಾರೆ. ಅದು ತುಕ್ಕಿನ ಸಂದಿಗೆ ಇಳಿಯುವುದಿಲ್ಲ, ಚಳಿಗಾಲದ ಬೆಳಿಗ್ಗೆ ಒಳಗೇ ಹೆಪ್ಪುಗಟ್ಟಿ ಕೂರುತ್ತದೆ. ಎಣ್ಣೆ ಬಿಟ್ಟು ಒಂದು ದಿನ, ಸಾಧ್ಯವಾದರೆ ಎರಡು ದಿನ ಹಾಗೇ ಇರಲಿ. ಮಾರನೆಯ ದಿನ ನೋಡಿ, ಎರಡು ಸಿಲಿಂಡರಿನಲ್ಲಿ ಇಳಿದು ಹೋಗಿ ಒಂದರಲ್ಲಿ ಮಾತ್ರ ಹಾಗೇ ನಿಂತಿದ್ದರೆ ಅಲ್ಲಿನ ರಿಂಗ್ ಬಿಗಿಯಾಗಿ ಅಂಟಿರುವ ಸಾಧ್ಯತೆ ಇದೆ.

ಈಗ ಫ್ಯಾನ್ ಬೆಲ್ಟ್ ಸಡಿಲಿಸಿ ತೆಗೆದುಬಿಡಿ. ಡೈನಮೋ ಬೇರಿಂಗ್, ವಾಟರ್ ಪಂಪ್, ಎಸಿ ಇದ್ದರೆ ಅದರ ಕಂಪ್ರೆಸರ್, ಇವುಗಳಲ್ಲಿ ಯಾವುದು ಹಿಡಿದಿದ್ದರೂ ಅಪವಾದ ಇಂಜಿನ್ ಮೇಲೆ. ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲಕ್ಕಿಂತ ಕೆಳಗಿರುವ ದೊಡ್ಡ ಪುಲ್ಲಿ ಕ್ರ್ಯಾಂಕಿನದ್ದು (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ), ಆ ಕಡೆಯ ಮುಂದಿನ ಚಕ್ರ ಬಿಚ್ಚಿದರೆ ಅದರ ನಡುವಿನ ಬೋಲ್ಟಿಗೆ ಕೈ ಹೋಗುತ್ತದೆ. ಸರಿಯಾಗಿ ಕೂರುವ ಗೋಟಿ ಪಾನಾ, ಒಂದೂವರೆ ಅಡಿ ಹಿಡಿಕೆ. ಪುಲ್ಲಿಗೆ ಎದುರಾಗಿ ಕೂತು ಗಡಿಯಾರದ ಮುಳ್ಳಿನ ದಿಕ್ಕಿಗೆ ನಿಧಾನವಾಗಿ ಒತ್ತಿ. ಜರ್ಕ್ ಬೇಡ, ಹಿಡಿಕೆಗೆ ಪೈಪ್ ತೂರಿಸುವುದು ಬೇಡ.

ತಿರುಗಿತಾ? ಹಾಗಾದರೆ ಜಾಮ್ ಇಲ್ಲ. ಆದರೆ ಕಾಲು ಸುತ್ತಿಗೆ ಖುಷಿಪಟ್ಟು ಬಿಡಬೇಡಿ, ಎರಡು ಪೂರ್ತಿ ಸುತ್ತು ಆಗಬೇಕು. ಎರಡು ಸುತ್ತಿಗೇ ಎಲ್ಲ ಸಿಲಿಂಡರಿನ ನಾಲ್ಕೂ ಸ್ಟ್ರೋಕ್ ಮುಗಿಯುವುದು. ಪ್ಲಗ್ ತೂತಿನಿಂದ ‘ಪುಸ್’ ಅಂತ ಗಾಳಿ, ಎಣ್ಣೆ ಹಾರುತ್ತದೆ, ಮುಖ ಅಡ್ಡ ಇಡಬೇಡಿ. ಒಂದೇ ಜಾಗಕ್ಕೆ ಬಂದಾಗಲೆಲ್ಲ ಗೋಡೆಗೆ ಬಡಿದ ಹಾಗೆ ಗಟ್ಟಿಯಾಗಿ ನಿಲ್ಲುತ್ತಿದ್ದರೆ ಅಲ್ಲಿ ಒತ್ತಡ ಹಾಕಬೇಡಿ. ವಾಲ್ವ್ ಅಂಟಿ ಪಿಸ್ಟನ್ನಿಗೆ ತಾಗುತ್ತಿರಬಹುದು, ಅಥವಾ ಯಾವುದೋ ನಟ್ಟು, ಪ್ಲಗ್ಗಿನ ಚೂರು ಒಳಗೆ ಬಿದ್ದಿರಬಹುದು. ಆಗ ಹೆಡ್ ಬಿಚ್ಚಬೇಕು.

ಏನು ಮಾಡಿದರೂ ಕದಲದಿದ್ದರೆ? ಆಗಲೂ ತೀರ್ಪು ಕೊಡಬೇಡಿ, ಮೊದಲು ಸೆಲ್ಫ್ ಮೋಟಾರ್ ಬಿಚ್ಚಿ ಹೊರಗೆ ತೆಗೆದು ಮತ್ತೆ ಪಾನಾ ಹಾಕಿ. ಇದನ್ನು ನಾನು ದುಡ್ಡು ಕೊಟ್ಟು ಕಲಿತದ್ದು. ಕುಮಟಾದ ಒಂದು ಕಾರು, ನಾಲ್ಕು ವರ್ಷ ನಿಂತದ್ದು, ಇಂಚೂ ಕದಲಲಿಲ್ಲ. ನಾನು ಬಹಳ ತಿಳಿದವನ ಹಾಗೆ ‘ರಿಂಗ್ ಹಿಡಿದಿದೆ’ ಅಂತ ಹೇಳಿ ಹೆಡ್ ಇಳಿಸಿದೆ. ಗೋಡೆಗಳು ಕನ್ನಡಿ ಹಾಗಿದ್ದವು! ಆಮೇಲೆ ನೋಡಿದರೆ ಸೆಲ್ಫ್ ಮೋಟಾರಿನ ತುದಿಯ ಸಣ್ಣ ಹಲ್ಲುಚಕ್ರ, ಪಿನಿಯನ್, ಇಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲಿನ ಹಲ್ಲಿಗೆ ಕಚ್ಚಿಕೊಂಡು ತುಕ್ಕು ಹಿಡಿದಿತ್ತು. ಎರಡು ಬೋಲ್ಟಿನ ಕೆಲಸಕ್ಕೆ ಹೆಡ್ ಗ್ಯಾಸ್ಕೆಟ್ ಖರ್ಚು, ಅದು ನನ್ನ ಜೇಬಿನಿಂದಲೇ ಹೋಯಿತು. ನಿಮ್ಮ ಗಾಡಿಯ ‘ಟಕ್’ ಕೇಳಿ ನನಗೆ ಮೊದಲು ಅನುಮಾನ ಬಂದದ್ದೂ ಇದರ ಮೇಲೇ.

ಸೆಲ್ಫ್ ತೆಗೆದ ಮೇಲೂ ಕದಲದಿದ್ದರೆ ಸರಿ, ನಿಂತು ಹಿಡಿದಿದೆ ಅಂತ ಒಪ್ಪೋಣ. ಮತ್ತೆ ಎಣ್ಣೆ ಬಿಡಿ, ವಾರ ಕಾಯಿರಿ, ದಿನಾ ಒಮ್ಮೆ ಪಾನಾ ಹಾಕಿ ಮುಂದಕ್ಕೆ ಒಂದು ಒತ್ತು. ಕೂದಲಿನಷ್ಟು ಕದಲಿದರೂ ಗೆದ್ದ ಹಾಗೆ, ಅಲ್ಲಿಂದ ಎಳೆಯಲು ಹೋಗದೆ ಹಿಂದಕ್ಕೆ ಮುಂದಕ್ಕೆ ತೂಗಿಸುತ್ತಾ ಜಾಗ ದೊಡ್ಡದು ಮಾಡಿ. ಹಿಂದಕ್ಕೆ ಜಾಸ್ತಿ ಬಲ ಹಾಕಿದರೆ ಬೋಲ್ಟೇ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಬೇರೆ ಉಪಾಯ ಇದೆ: ಗಾಡಿಯನ್ನು ನೆಲಕ್ಕೆ ಇಳಿಸಿ, ಟಾಪ್ ಗೇರಿಗೆ ಹಾಕಿ, ಇಬ್ಬರು ಸೇರಿ ಮುಂದೆ ಹಿಂದೆ ತಳ್ಳಿ ತೂಗಿ. ಬೈಕಿಗೂ ಇದೇ, ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರ ಅಲ್ಲಾಡಿಸುವುದು. ಆದರೆ ಜೀಪಿಗೋ ಟ್ರ್ಯಾಕ್ಟರಿಗೋ ಹಗ್ಗ ಕಟ್ಟಿ, ಗೇರಿನಲ್ಲಿಟ್ಟು ಎಳೆಸುವ ಶೂರತನ ಬೇಡ. ಇಂಜಿನ್ ಬಿಡುತ್ತದೆ ನಿಜ, ರಿಂಗ್ ತುಂಡಾಗಿ ಬಿಡುತ್ತದೆ. ಮೂರು ನಾಲ್ಕು ವಾರಕ್ಕೂ ಜಗ್ಗದಿದ್ದರೆ ಹೆಡ್ ಇಳಿಸಿ, ಸಿಲಿಂಡರಿನಲ್ಲಿ ಉಗುರಿಗೆ ಸಿಗುವಷ್ಟು ಆಳದ ಗುಳಿ ಇದ್ದರೆ ಬೋರ್ ಮಾಡಿಸಬೇಕು, ಅಂದರೆ ಸಿಲಿಂಡರನ್ನು ಕೊರೆಸಿ ಸ್ವಲ್ಪ ದೊಡ್ಡದು ಮಾಡಿಸಬೇಕು. ಆಗ ಲೆಕ್ಕ ಬೇರೆ, ಹಳೆ ಇಂಜಿನ್ ಸಿಕ್ಕರೆ ಅದೇ ಅಗ್ಗ.

ಇದನ್ನು ಓದುವವರಲ್ಲಿ ಡೀಸೆಲ್ ಜೀಪ್ ಇರುವವರಿಗೆ ಒಂದು ಮಾತು. ಪೆಟ್ರೋಲ್ ಇಂಜಿನ್ ಗಾಳಿಯನ್ನು ಸುಮಾರು 9ಕ್ಕೆ 1 ಒತ್ತಿದರೆ ಡೀಸೆಲ್ ಅದರ ದುಪ್ಪಟ್ಟು ಒತ್ತುತ್ತದೆ. ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚದೆ ಪಾನಾ ಹಾಕಿದರೆ ಸರಿಯಾಗಿರುವ ಇಂಜಿನ್ನೂ ಜಾಮ್ ಆದ ಹಾಗೇ ಅನಿಸುತ್ತದೆ.

ನಿಮ್ಮ ಮಾರುತಿ ತಿರುಗಿತು ಅಂತಿಟ್ಟುಕೊಳ್ಳಿ. ಅವತ್ತೇ ಸ್ಟಾರ್ಟ್ ಮಾಡುವ ಆಸೆ ತಡೆದುಕೊಳ್ಳಿ. ಸಿಲಿಂಡರಿಗೆ ಬಿಟ್ಟ ಡೀಸೆಲ್ ಎಲ್ಲ ಕೆಳಗಿನ ಆಯಿಲಿಗೆ ಸೇರಿದೆ, ಆಯಿಲ್, ಫಿಲ್ಟರ್ ಎರಡೂ ಹೊಸದು ಹಾಕಿ. 2019ರ ಪೆಟ್ರೋಲ್ ಈಗ ಪೆಟ್ರೋಲ್ ಅಲ್ಲ, ವಾರ್ನಿಶ್. ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್ ಬಿಚ್ಚಿ ತೊಳೆಯಿರಿ, ರಬ್ಬರ್ ಪೈಪುಗಳನ್ನು ಹೊಸದು ಹಾಕಿ, ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಆ ಹಳೆ ರಬ್ಬರ್ ತಡೆಯುವುದಿಲ್ಲ. ಟೈಮಿಂಗ್ ಬೆಲ್ಟ್ ಎಷ್ಟು ಕಿಲೋಮೀಟರ್ ಓಡಿದೆ ಅಂತ ಲೆಕ್ಕ ಹಾಕಬೇಡಿ, ರಬ್ಬರಿಗೆ ವಯಸ್ಸೂ ಲೆಕ್ಕ, ಬದಲಿಸಿಬಿಡಿ.

ಆಮೇಲೆ ಪ್ಲಗ್ ಹಾಕದೆ, ಇಗ್ನಿಷನ್ ಕಾಯಿಲಿಗೆ ಬರುವ ಸಣ್ಣ ವೈರ್ ಕಳಚಿ, ತೂತುಗಳ ಮೇಲೆ ಬಟ್ಟೆ ಹಾಕಿ ಐದೈದು ಸೆಕೆಂಡ್ ಸೆಲ್ಫ್ ಹೊಡೆಯಿರಿ, ನಡುವೆ ಬಿಡುವು ಕೊಡಿ, ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್ ಆರುವವರೆಗೆ. ಕಂಪ್ರೆಶನ್ ಗೇಜ್ ಸಿಕ್ಕರೆ ಒಮ್ಮೆ ಹಾಕಿ. ಒಂದು ಸಿಲಿಂಡರ್ ಬಹಳ ಕಡಿಮೆ ತೋರಿಸಿದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ, ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಮೊದಲ ಅಳತೆ ಕಡಿಮೆ ಬಂತು ಅಂತ ಎದೆ ಒಡೆದುಕೊಳ್ಳಬೇಡಿ, ಸ್ವಲ್ಪ ಓಡಿದ ಮೇಲೆ ರಿಂಗ್ ಬಿಡಿಸಿಕೊಂಡು ಎಷ್ಟೋ ಸಲ ತಾನಾಗೇ ಏರುತ್ತದೆ.

ಸ್ಟಾರ್ಟ್ ಮಾಡುವುದು ಮಾತ್ರ ಗಾಡಿಯನ್ನು ಅಂಗಳಕ್ಕೆ ತಳ್ಳಿಕೊಂಡು ಬಂದ ಮೇಲೆ, ಆ ಮಾಡಿನ ಒಳಗೆ ಬೇಡ. ಒಳಗಿನ ಎಣ್ಣೆ ಸುಟ್ಟು ಬಿಳಿ ಹೊಗೆ ಊರಿಗೆಲ್ಲ ಹಬ್ಬುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ, ಒಣಗಲು ಹಾಕಿದ ಬಟ್ಟೆ ಇದ್ದರೆ ತೆಗೆದುಕೊಳ್ಳಲಿ. ಹತ್ತು ಹದಿನೈದು ನಿಮಿಷಕ್ಕೆ ಹೊಗೆ ಇಳಿಯಬೇಕು. ಇಳಿಯದೆ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಲೇ ಇದ್ದರೆ ರೇಡಿಯೇಟರಿನ ಕೂಲೆಂಟ್ ಒಳಗೆ ಹೋಗುತ್ತಿದೆ, ಬಂದ್ ಮಾಡಿ.

ಇಂಜಿನ್ ಗುರ್ ಅಂದ ಸಂಭ್ರಮದಲ್ಲಿ ನೇರ 66ರ ಹೆದ್ದಾರಿಗೆ ಹತ್ತಿಸಬೇಡಿ. ಬ್ರೇಕ್ ಆಯಿಲ್ ನೀರು ಹೀರಿರುತ್ತದೆ, ಚಕ್ರದ ಸಿಲಿಂಡರುಗಳು ಹಿಡಿದಿರುತ್ತವೆ, ಟೈರಿನ ಪಕ್ಕೆ ಬಿರಿದಿರುತ್ತದೆ. ಕಾಗದಪತ್ರವನ್ನೂ ಖರ್ಚು ಮಾಡುವ ಮೊದಲೇ ನೋಡಿ, 1998ರ ಗಾಡಿಗೆ ಆರ್‌ಸಿ ನವೀಕರಣ ಆಗಿದೆಯೋ ಇಲ್ಲವೋ, ಅಪ್ಪನ ಹೆಸರಿನಿಂದ ಆಯಿಯ ಹೆಸರಿಗೋ ನಿಮ್ಮ ಹೆಸರಿಗೋ ಬದಲಿಸಲು ಏನು ಬೇಕು ಅಂತ ಕಾರವಾರದ ಆರ್‌ಟಿಒದಲ್ಲಿ ಕೇಳಿಕೊಂಡು ಬನ್ನಿ. ಎಣ್ಣೆ ಬಿಟ್ಟು ಕಾಯುವ ಆ ಎರಡು ದಿನದಲ್ಲೇ ಹೋಗಿ ಬರಬಹುದು.